ಮುಚ್ಚಳದ ಕೂರಿಗಿ

ಎಪ್ಪತ್ತರ ದಶಕದ ನಡುವಿನ ಕೆಲವು ವರ್ಷ ನಾನು ವಿಜಾಪುರದ ಒಂದು ಕಾರ್ಖಾನೆಯಲ್ಲಿ ಒಕ್ಕಲುತನದ ಸಾಮಾನುಗಳ ನಕ್ಷೆ ಬರೆಯುತ್ತಿದ್ದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಛಾವಣಿ, ಎರಡು ಲೇಥು, ಒಂದು ವೆಲ್ಡಿಂಗ್ ಮಷಿನ್ನು, ಒಂದು ಕುಲುಮೆ, ಹತ್ತು ಹನ್ನೆರಡು ಜನ. ಕರೆಂಟು ಇದ್ದಾಗ ಲೇಥು ತಿರುಗುತ್ತಿತ್ತು, ಇಲ್ಲದಾಗ ಸುತ್ತಿಗೆಯ ಸಪ್ಪಳ. ಅಷ್ಟು ಜನರಲ್ಲಿ ಡಿಪ್ಲೊಮಾ ಮುಗಿಸಿದವನು ನಾನೊಬ್ಬನೇ. ಅದರಿಂದಾಗಿ ನನಗೆ ಎರಡು ಕೋಡು ಮೂಡಿದ್ದವು. ಮೂಲೆಯಲ್ಲಿ ನನಗೊಂದು ಇಳಿಜಾರು ಮೇಜು, ಅದರ ಮೇಲೊಂದು ದೀಪ. ಆ ಮೇಜಿನ ಹತ್ತಿರ ಯಾರಾದರೂ ಎಣ್ಣೆಗೈಯಲ್ಲಿ ಬಂದರೆ ಸಿಡಿಮಿಡಿ ಮಾಡುತ್ತಿದ್ದೆ.

ನಮ್ಮ ಮಾಲಕರು ಹೆಚ್ಚು ಓದಿದವರಲ್ಲ. ಎಣ್ಣೆ ವ್ಯಾಪಾರದ ಮನೆತನದವರು, ಅಂಗಡಿ ಬಿಟ್ಟು ಕಬ್ಬಿಣಕ್ಕೆ ಬಿದ್ದವರು. ಮಾತು ಕಡಿಮೆ. ಅವರದೊಂದು ನಿಯಮವಿತ್ತು: ನಾವು ಮಾಡಿದ ಯಾವ ಸಾಮಾನನ್ನಾದರೂ ಮಾರುವ ಮೊದಲು ನಮ್ಮಲ್ಲೇ ಒಬ್ಬರು ಹೊಲದಲ್ಲಿ ಒಂದು ಇಡೀ ದಿನ ಅದರ ಜೊತೆ ಇರಬೇಕು. ಹೊಸ ಬಗೆಯ ಕುರ್ಚಗಿ ಮಾಡಿದಾಗ ತಾವೇ ಧೋತರ ಎತ್ತಿ ಕಟ್ಟಿ ಸಂಜೆಯವರೆಗೆ ಕಳೆ ತೆಗೆದು, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದು, ಮರುದಿನ ಹಿಡಿಯ ಅಳತೆ ಬದಲಿಸಿದ್ದರು. "ಕೊಂಡಾಂವ ಬೈಯೂಕಿಂತ ಮೊದಲ ನಾವ ನಮ್ಮನ್ನ ಬೈಕೊಳ್ಳೂದು ಛಲೋ" ಎನ್ನುತ್ತಿದ್ದರು. ನನಗೆ ಅದು ಹಳೆಯ ಕಾಲದವರ ಹಟ ಎನಿಸುತ್ತಿತ್ತು. ಅಳತೆ ಸರಿಯಾಗಿದ್ದ ಮೇಲೆ ಬೊಬ್ಬೆ ಯಾಕೆ ಏಳಬೇಕು?

ಈಗ ಇಂಥದ್ದಕ್ಕೆಲ್ಲ ದೊಡ್ಡ ದೊಡ್ಡ ಹೆಸರು ಬಂದಿವೆ. ಬಳಸುವವರ ಅನುಭವ, ಹೊಸತನದ ಶೋಧ, ಮುಂದಾಳತನ ಎಂದೆಲ್ಲ ಭಾಷಣ ಮಾಡುವವರನ್ನು ಕೇಳಿದ್ದೇನೆ. ಕೇಳುವಾಗ ನನಗೆ ನೆನಪಾಗುವುದು ಒಂದೇ ಒಂದು ಕೂರಿಗಿ. ಅದು ನನ್ನ ಕೈಯಿಂದ ಆದದ್ದು.

ನಮ್ಮ ಕಡೆ ಜೋಳ ಬಿತ್ತುವ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಎತ್ತು ಎಳೆಯುವ ಮೂರು ಹಲ್ಲಿನ ಕೂರಿಗಿಯ ಮೇಲೆ ಕಟ್ಟಿಗೆಯ ಒಂದು ಬಟ್ಟಲು ಇರುತ್ತದೆ. ಬಟ್ಟಲಿನ ತಳದ ಮೂರು ತೂತುಗಳಿಂದ ಮೂರು ಬಿದಿರಿನ ನಳಿಕೆ ಕೆಳಗಿಳಿದು ಮೂರು ಹಲ್ಲಿಗೆ ಸೇರುತ್ತವೆ. ಗಂಡಸು ಎತ್ತು ಹೊಡೆಯುತ್ತಾನೆ. ಹೆಣ್ಣುಮಗಳು ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗಿಯ ಹಿಂದೆ ನಡೆಯುತ್ತ, ಮುಷ್ಟಿಯಿಂದ ಒಂದೇ ಸಮನೆ ಬಟ್ಟಲಿಗೆ ಕಾಳು ಬಿಡುತ್ತಾಳೆ. ಒಂದು ಗಳಿಗೆ ಬೆರಳು ಸಡಿಲಾದರೆ ಸಾಲು ದಟ್ಟ, ಬಿಗಿಯಾದರೆ ತೆಳು. ಆ ಬೆರಳುಗಳ ಹದ ಎಲ್ಲರಿಗೂ ಬರುವುದಿಲ್ಲ. ಅದು ಬಂದವರಿಗೆ ಊರಲ್ಲಿ ಒಂದು ಮಾನ. ಕೂರಿಗಿ ಪೂಜೆ ಆದ ಮೇಲೆ ಮೊದಲ ಮುಷ್ಟಿ ಕಾಳು ಅವರೇ ಹಾಕಬೇಕು, ಅವರ ಕೈಗುಣದಿಂದಲೇ ಬೆಳೆ ಬರುತ್ತದೆ ಎಂಬ ನಂಬಿಕೆ.

ನಾನು ಬರೆದ ನಕ್ಷೆಯಲ್ಲಿ ಈ ಹೆಣ್ಣುಮಗಳು ಇರಲಿಲ್ಲ. ಬಟ್ಟಲಿನ ಜಾಗದಲ್ಲಿ ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಚ್ಚು ಹಾಕಿದ ಒಂದು ಉರುಳೆ, ನೆಲದ ಮೇಲೆ ಉರುಳುವ ಚಕ್ರದಿಂದ ಅದಕ್ಕೊಂದು ಸರಪಳಿ. ಚಕ್ರ ತಿರುಗಿದಂತೆ ಉರುಳೆ ತಿರುಗಿ ಲೆಕ್ಕದಷ್ಟೇ ಕಾಳು ಬಿಡುತ್ತದೆ. ಬಿದಿರಿಗೆ ಬದಲು ಕಬ್ಬಿಣದ ಕೊಳವೆ. ಮೇಲೆ ಗಾಳಿ, ಹನಿ, ಧೂಳು ಏನೂ ಹೋಗದಂತೆ ಬಿಗಿಯಾದ ಮುಚ್ಚಳ. ಆ ಮುಚ್ಚಳದ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಮಾಲಕರು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಾರನ್ನ ಕೇಳಿ ಮಾಡೀದಿ?" ಎಂದರು.

"ತಿಕೋಟಾದ ಸಂತಿಯೊಳಗ ಒಕ್ಕಲಿಗರನ್ನ ಕೇಳೀನ್ರಿ. ಒಂದ ಆಳು ಕಡಿಮಿ ಆದ್ರ ಛಲೋ ಅಂದಾರ್ರಿ."

"ಬಿತ್ತೋ ಹೆಣಮಕ್ಕಳನ್ನ ಕೇಳೀಯೇನು?"

"ಅವ್ರಿಗೆ ಇದ್ರಾಗ ಕೆಲಸ ಇಲ್ಲಲ್ರಿ" ಎಂದೆ. ಅವರು ನಕ್ಷೆ ಮಡಚಿ, ಮಾಡಿ ನೋಡೋಣ ಎಂದರು.

ಕಾರ್ಖಾನೆಯ ಅಂಗಳದಲ್ಲಿ ಉಸುಕು ಹರಡಿ ಕೂರಿಗಿ ಎಳೆದು ನೋಡಿದೆವು. ಗೇಣಿಗೊಂದು ಕಾಳು, ಗೆರೆ ಎಳೆದ ಹಾಗೆ. ತೊರವಿಯ ಹತ್ತಿರ ಒಂದು ಮಸಾರಿ ಹೊಲದಲ್ಲಿ, ಎಂದರೆ ಕೆಂಪು ಮಣ್ಣಿನ ನೆಲದಲ್ಲಿ, ಅರ್ಧ ಎಕರೆ ಬಿತ್ತಿ ನೋಡಿದೆವು. ಅಲ್ಲೂ ಸರಿಯಾಗಿ ಮೊಳಕೆ ಎದ್ದವು. ನಾನಂತೂ ನೆಲದ ಮೇಲೆ ಇರಲಿಲ್ಲ.

ಉತ್ತರಿ ಮಳೆ ಚೆನ್ನಾಗಿ ಬಿದ್ದ ವರ್ಷ ಅದು. ಬಬಲೇಶ್ವರ ದಾಟಿ ನಿಡೋಣಿಯ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿ ಮಾಲಕರ ಪರಿಚಯದ ಒಕ್ಕಲಿಗನೊಬ್ಬ ತನ್ನ ನಾಲ್ಕು ಎಕರೆ ಎರಿ ಹೊಲವನ್ನು, ಅಂಟುವ ಕರಿ ಮಣ್ಣಿನ ನೆಲವನ್ನು, ನಮ್ಮ ಕೂರಿಗಿಯಿಂದ ಬಿತ್ತಲು ಒಪ್ಪಿದ. ಬೀಜ ನಮ್ಮದು, ಹೊಲ ಮತ್ತು ಎತ್ತು ಅವನವು. ಅವತ್ತು ಮಾಲಕರಿಗೆ ಸೊಲ್ಲಾಪುರದ ಕಡೆ ಕಬ್ಬಿಣ ತರಲು ಹೋಗುವುದು ತಪ್ಪಿಸಲಾಗದ ಕೆಲಸ. ಹಿಂದಿನ ದಿನ ನನ್ನನ್ನು ಕರೆದು ಹೇಳಿದರು: "ಕೂರಿಗಿ ಹಿಂದ ನಡಿ. ಮೊದಲನೇ ಸಾಲಿನಿಂದ ಕಡೀ ಸಾಲಿನ ತನಕ. ಕುಂದರಬ್ಯಾಡ."

ಹೊಲದಲ್ಲಿ ಕೂರಿಗಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಮುಷ್ಟಿ ಹಾಕಲು ಊರಿನ ಬಿತ್ತುವಾಕೆಯನ್ನು ಕರೆಸಿದ್ದರು. ಐವತ್ತರ ಹತ್ತಿರದ ಮುತ್ತೈದೆ. ಹಣೆತುಂಬ ಕುಂಕುಮ, ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ. ಇಪ್ಪತ್ತೈದು ವರ್ಷದಿಂದ ಆ ಊರಿನ ಹಿಂಗಾರಿ ಆಕೆಯ ಮುಷ್ಟಿಯಿಂದಲೇ ಶುರುವಾಗುತ್ತಿತ್ತು. ಆಕೆ ಉಡಿಯಿಂದ ಒಂದು ಮುಷ್ಟಿ ಕಾಳು ತೆಗೆದು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದಳು. ಉಳಿದದ್ದನ್ನು ನಾನು ಸುರಿದು ಮುಚ್ಚಳ ಹಾಕಿದೆ. ಆಕೆ ಮುಚ್ಚಳದ ಮೇಲೆ ಅಂಗೈ ಇಟ್ಟಳು.

"ತಮ್ಮಾ, ಒಳಗ ಕಾಳು ಬೀಳಾಕತ್ತಾವೋ ಇಲ್ಲೋ ಹ್ಯಾಂಗ ತಿಳೀತೈತೋ?"

ನಾನು ನಕ್ಕೆ. ಆ ನಗು ಈಗ ನೆನೆದರೂ ಮೈ ಹಿಡಿಯಾಗುತ್ತದೆ. "ತಿಳಿಯೂದ ಬ್ಯಾಡ ಯಕ್ಕಾ. ಅದಕ್ಕ ಮಷಿನ್ ಐತಲ್ಲ. ಇವತ್ತ ನಿಮಗ ಸೂಟಿ, ನೆರಳಾಗ ಕುಂದರ್ರಿ."

"ನಾ ಹಿಂದ ನಡೀತೀನಿ ಬಿಡು, ರೂಢಿ ಐತಿ" ಎಂದಳು. ನಾನೇ ಬೇಡ ಎಂದು ಆಕೆಯನ್ನು ಬದುವಿನ ಬೇವಿನ ಗಿಡದ ಕೆಳಗೆ ಕೂರಿಸಿದೆ. ಮಷಿನ್ನಿನ ಹಿಂದೆ ಹೆಣ್ಣುಮಗಳು ನಡೆದರೆ ಮಷಿನ್ನಿಗೇ ಅವಮಾನ ಎನ್ನುವಂಥ ತಲೆ ನನ್ನದು ಆಗ.

ಎರಡು ಸುತ್ತು ಹಿಂದೆ ನಡೆದೆ. ಹಸಿ ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಸೇರುಗಟ್ಟಲೆ ಭಾರವಾಯಿತು. ಸಾಲು ಕೆದರಿ ನೋಡಿದೆ, ಕಾಳು ಸರಿಯಾಗಿ ಬಿದ್ದಿದ್ದವು. ಇನ್ನೇನು ನೋಡುವುದಿದೆ ಎಂದುಕೊಂಡು ನಾನೂ ಬೇವಿನ ಗಿಡದ ಕೆಳಗೆ ಹೋಗಿ ಕೂತೆ. ಆಕೆ ತನ್ನ ಬುತ್ತಿಯಿಂದ ರೊಟ್ಟಿ, ಶೇಂಗಾಹಿಂಡಿ ಕೊಟ್ಟಳು. ತಿಂದೆ. ಮಧ್ಯಾಹ್ನ ಸಣ್ಣದೊಂದು ನಿದ್ದೆಯನ್ನೂ ಮಾಡಿದೆ. ಒಕ್ಕಲಿಗ ಎತ್ತುಗಳ ಬಾಲದ ಮೇಲೆ ಕಣ್ಣಿಟ್ಟು ಹೊಲ ಸುತ್ತುತ್ತಲೇ ಇದ್ದ. ಹಿಂದೆ ಯಾರೂ ಇರಲಿಲ್ಲ.

ಸಂಜೆ ಒಕ್ಕಲಿಗ ಎತ್ತುಗಳನ್ನು ಹಳ್ಳಕ್ಕೆ ನೀರಿಗೆ ಹೊಡೆದುಕೊಂಡು ಹೋದಾಗ ನಾನು ಮುಚ್ಚಳ ತೆಗೆದೆ. ಪೆಟ್ಟಿಗೆಯಲ್ಲಿ ನಾನು ಎಣಿಸಿದ್ದಕ್ಕಿಂತ ಬಹಳ ಬೀಜ ಉಳಿದಿತ್ತು. ನಾಲ್ಕು ಎಕರೆಯ ಬೀಜದಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು. ಬುದ್ಧಿ ಇದ್ದವನಾದರೆ ಅಲ್ಲೇ ಎದೆ ಧಸಕ್ಕೆನ್ನಬೇಕು. ನನಗೆ ಸಂತೋಷವಾಯಿತು. ನನ್ನ ಕೂರಿಗಿ ಎಷ್ಟು ಬೀಜ ಉಳಿಸಿದೆ ನೋಡು ಎಂದು ಹಿಗ್ಗಿ, ಅದನ್ನು ಚೀಲಕ್ಕೆ ತುಂಬಿ, ಹೆಗಲ ಮೇಲೆ ಹಾಕಿಕೊಂಡು ವಿಜಾಪುರಕ್ಕೆ ಬಂದೆ. ಮಾಲಕರಿಗೆ ಲೆಕ್ಕ ಮಾಡಿ, ನಕ್ಷೆಯ ಜೊತೆ ಒಮ್ಮೆಲೇ ತೋರಿಸಬೇಕೆಂದು ಚೀಲವನ್ನು ಮೇಜಿನ ಕೆಳಗೆ ಇಟ್ಟೆ.

ಹತ್ತನೆಯ ದಿನ ಒಕ್ಕಲಿಗ ಕಾರ್ಖಾನೆಗೆ ಬಂದ. ಮುಖ ಇಳಿದಿತ್ತು. ಒಂದು ಕಡೆ ಮೂರೂ ಸಾಲು ಮೊಳೆತು ನಾಟಿವೆ, ಒಂದು ಕಡೆ ಎರಡು, ಒಂದು ಕಡೆ ಏನೂ ಇಲ್ಲ, ಬೋಳು ನೆಲ. ಮೇಲಿನ ಹಸಿ ಆರಿದೆ, ಮತ್ತೆ ಬಿತ್ತುವ ಹಾಗಿಲ್ಲ. ಇಷ್ಟು ಹೇಳಿ, ನಮಗೆ ಸಮಾಧಾನ ಮಾಡುವವನ ಹಾಗೆ ಅಂದ:

"ನಿಮ್ಮ ಮಷಿನ್ನಿಂದೇನೂ ತಪ್ಪಿಲ್ಲ ಬಿಡ್ರಿ ಸಾಹುಕಾರ್ರ. ತೊರವ್ಯಾಗ ಛಲೋ ನಾಟ್ಯಾವಂತ ಕೇಳೀವಿ. ಆಕಿ ಕೈ ಕೆಟ್ಟೈತ್ರಿ. ಮಷಿನ್ ಬಂದ್ರ ತನ್ನನ್ನ ಯಾರೂ ಕರಿಯಂಗಿಲ್ಲ ಅಂತ ಹೊಟ್ಟ್ಯಾಗ ಇಟಗೊಂಡು ಮುಷ್ಟಿ ಹಾಕ್ಯಾಳ. ಊರಾಗ ಎಲ್ಲಾರೂ ಅದನ್ನ ಅನ್ನಾಕತ್ತಾರ."

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಮಾತು ಕೇಳಿ ನನಗೆ ಮೊದಲು ಬಂದದ್ದು ನಿರಾಳದ ಉಸಿರು. ಬದುಕಿದೆ ಎನಿಸಿತು. ಆಮೇಲೆ ಮೇಜಿನ ಕೆಳಗಿನ ಚೀಲದ ಮೇಲೆ ಕಣ್ಣು ಹೋಯಿತು, ಮತ್ತು ಅದರ ಅರ್ಥ ಏನೆಂದು ಆಗ ಹೊಳೆಯಿತು.

ಮಾಲಕರು ನನ್ನ ಕಡೆ ತಿರುಗಿದರು. "ನೀ ಹಿಂದ ನಡದಿದ್ದಿ?"

"ಹೂಂನ್ರಿ."

"ಕಡೀತನಕ?"

"ಹೂಂನ್ರಿ."

ಅವರು ಎದ್ದು ಹೋಗಿ, ಹೊಲದಿಂದ ತಂದು ಮೂಲೆಯಲ್ಲಿ ನಿಲ್ಲಿಸಿದ್ದ ಕೂರಿಗಿಯ ಮೂರೂ ಕೊಳವೆ ಬಿಚ್ಚಿಸಿದರು. ಎರಡು ಖಾಲಿ. ಮೂರನೆಯದರ ಬಾಯಲ್ಲಿ ಒಣಗಿದ ಎರಿ ಮಣ್ಣಿನ ಬೆಣೆ, ಅದರ ಮೇಲೆ ಬೆರಳುದ್ದ ಕಾಳು ನಿಂತಿತ್ತು. ಬದುವಿನಲ್ಲಿ ತಿರುವು ಹಾಕುವಾಗ ಕೂರಿಗಿ ಎತ್ತಿ ಇಟ್ಟಾಗಲೆಲ್ಲ ಹಲ್ಲು ಹಸಿ ಮಣ್ಣು ಕಚ್ಚಿದೆ. ಕೆಲವೊಮ್ಮೆ ಅದು ತಾನಾಗಿ ಉದುರಿದೆ, ಕೆಲವೊಮ್ಮೆ ಹಾಗೇ ಉಳಿದಿದೆ. ಬಿದಿರಿನ ಕೂರಿಗಿಯಲ್ಲೂ ಇದು ಆಗುವಂಥದ್ದೇ. ಆದರೆ ಅಲ್ಲಿ ನಳಿಕೆ ಕಟ್ಟಿಕೊಂಡ ಕೂಡಲೇ ಬಟ್ಟಲಿನಲ್ಲಿ ಕಾಳು ನಿಲ್ಲುತ್ತದೆ, ಬಿತ್ತುವವಳ ಬೆರಳಿಗೆ ತಾಗುತ್ತದೆ, ಆಕೆ ನಿಲ್ಲಿಸೋ ಎಂದು ಕೂಗುತ್ತಾಳೆ. ನಾನು ಮಾಡಿದ ಪೆಟ್ಟಿಗೆಯಲ್ಲಿ ಯಾರಿಗೂ ಏನೂ ತಾಗುವಂತಿರಲಿಲ್ಲ.

ಮಾಲಕರು ಆ ಬೆಣೆಯನ್ನು ಒಡೆಯದ ಹಾಗೆ ತೆಗೆದು ಕಾಗದದಲ್ಲಿ ಸುತ್ತಿದರು. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಊರ ನಡುವಿನ ಕಟ್ಟೆಯ ಮೇಲೆ ಹದಿನೈದು ಇಪ್ಪತ್ತು ಜನ ಸೇರಿದರು. ಮಾಲಕರು ಕೂರಲಿಲ್ಲ, ನಿಂತೇ ಹೇಳಿದರು. "ಮಷಿನ್ ನಂದು, ತಪ್ಪೂ ನಂದು. ಆ ಯವ್ವನ ಕೈಯಾಗ ಏನೂ ದೋಷ ಇಲ್ಲ. ಇದ ನೋಡ್ರಿ, ನಮ್ಮ ಕೊಳವಿಯೊಳಗ ಸಿಕ್ಕ ಮಣ್ಣು. ಹೊಲ ಬೋಳಾದಷ್ಟಕ್ಕ ನಾ ಜೋಳ ಕಳಸ್ತೀನಿ." ನಕ್ಷೆ ಬರೆದವನು ನಾನು ಎಂಬ ಮಾತನ್ನೇ ಅವರು ಎತ್ತಲಿಲ್ಲ.

ಮಣ್ಣಿನ ಬೆಣೆ ಕೈಯಿಂದ ಕೈಗೆ ಹೋಯಿತು. ಒಬ್ಬ ಹಿರಿಯ ಅದನ್ನು ತಿರುವಿ ನೋಡಿ, "ಒಂದ ಹಲ್ಲಿನ್ಯಾಗ ಇಷ್ಟ ಮಣ್ಣ ಸಿಕ್ರ ಇಡೀ ಹೊಲ ಹ್ಯಾಂಗ ಕೆಡತೈತ್ರಿ?" ಎಂದ. ಇನ್ನೊಬ್ಬ ಕೈ ಮುಗಿದು, "ಸಾಹುಕಾರ್ರು ದೊಡ್ಡ ಮನಸಿನವ್ರು. ಆಕಿ ಮ್ಯಾಲಿನ ಮಾತು ತಮ್ಮ ತಲಿ ಮ್ಯಾಲ ಹೊತ್ಕೊಳ್ಳಾಕತ್ತಾರ" ಎಂದ. ಎಲ್ಲರೂ ಹೌದೌದು ಎಂದರು. ಅವರ ಕಣ್ಣಿಗೆ ಮಾಲಕರು ಇನ್ನೂ ದೊಡ್ಡವರಾದರು, ಆಕೆಯ ತಪ್ಪು ಇನ್ನೂ ಗಟ್ಟಿಯಾಯಿತು.

ಆಗ ಮಾಲಕರು ನನ್ನ ಕಡೆ ನೋಡಿದರು. "ನೀ ಅಲ್ಲಿ ಇದ್ದಾಂವ. ಏನರೆ ಹೇಳೂದೈತೇನು?"

ಹೇಳುವುದಿತ್ತು. ನಾನು ಹಿಂದೆ ನಡೆಯಲಿಲ್ಲ, ಗಿಡದ ಕೆಳಗೆ ಮಲಗಿದ್ದೆ, ನಡೆಯುತ್ತೇನೆ ಎಂದ ಆಕೆಯನ್ನೂ ನಾನೇ ಕೂರಿಸಿದೆ, ಮೂರನೆಯ ಒಂದು ಪಾಲು ಬೀಜ ನನ್ನ ಚೀಲದಲ್ಲಿ ವಾಪಸು ಬಂದಿದೆ. ಇಷ್ಟೇ. ಇದನ್ನು ಕೇಳಿದ್ದರೆ ಆ ಕಟ್ಟೆಯ ಮೇಲಿನ ಯಾರಾದರೂ ಒಪ್ಪುತ್ತಿದ್ದರು. ಮಣ್ಣಿಗೆ ಬೀಳದೇ ಇದ್ದ ಕಾಳಿಗೆ ಯಾರ ಕೈಗುಣ ಏನು ಮಾಡೀತು? ಮಾಲಕರದು ದೊಡ್ಡ ಮನಸ್ಸಿನ ಮಾತಾಗಿ ಕೇಳಿಸಿತು, ನನ್ನದು ಸಾಕ್ಷಿಯ ಮಾತಾಗುತ್ತಿತ್ತು. ಆಕೆ ಎದುರಿನ ಮನೆಯ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಅಪವಾದ ಹೊತ್ತವಳು ತನ್ನ ಪರವಾಗಿ ತಾನೇ ಮಾತಾಡಿದರೆ ಕೇಳುವವರು ಯಾರು? ನನ್ನನ್ನೇ ನೋಡುತ್ತಿದ್ದಳು.

"ಏನಿಲ್ರಿ" ಎಂದೆ.

ಬಸ್ಸಿನಲ್ಲಿ ಮಾಲಕರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರಿಗೆ ಎಷ್ಟು ತಿಳಿದಿತ್ತೋ ಇಂದಿಗೂ ಗೊತ್ತಿಲ್ಲ. ಮೇಜಿನ ಕೆಳಗಿನ ಚೀಲವನ್ನು ನಾನು ಅದೇ ವಾರ ಮನೆಗೆ ಒಯ್ದೆ. ಅವ್ವ ಅದನ್ನು ಗಿರಣಿಯಲ್ಲಿ ಬೀಸಿಸಿದಳು. ಒಂದು ವಾರ ನಮ್ಮ ಮನೆಯಲ್ಲಿ ಆ ಕಾಳಿನ ರೊಟ್ಟಿ ತಿಂದೆವು.

ಅದಾದ ಮೇಲೆ ಮಾಲಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬೈಯಲೂ ಇಲ್ಲ. ನಕ್ಷೆಯ ಮೇಜನ್ನು ಗೋಡೆಗೆ ಆನಿಸಿ ಇಟ್ಟು, ಮುಂಗಾರಿ ಬಿತ್ತಿಗೆ ಮುಗಿಯುವವರೆಗೆ ಬಿತ್ತುವ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗು ಎಂದರು. ಬೈದಿದ್ದರೆ ಚೆನ್ನಾಗಿತ್ತು. ತಿಕೋಟಾ, ಕನಮಡಿ, ಬಬಲೇಶ್ವರ, ಎಲ್ಲ ಕಡೆ ಅಲೆದೆ. ಅಂಗಳದಲ್ಲಿ ಕೂತು ಅವರ ಮುಷ್ಟಿ ನೋಡಿದೆ. ಕನಮಡಿಯ ಒಬ್ಬ ಮುದುಕಿ ನನ್ನ ಕೈ ಹಿಡಿದು ಬಟ್ಟಲಿಗೆ ಕಾಳು ಬಿಡಿಸಿ, "ಡಿಗ್ರಿ ಓದ್ಯಾನಂತ, ಮುಷ್ಟಿ ಬಿಚ್ಚಾಕ ಬರಂಗಿಲ್ಲ" ಎಂದು ನಕ್ಕಳು. ನಡೆಯುವಾಗ ಅವರು ಕೈಯಿಂದ ಏನೇನು ತಿಳಿಯುತ್ತಾರೆ, ಕಿವಿಯಿಂದ ಏನು ತಿಳಿಯುತ್ತಾರೆ, ಯಾವಾಗ ಕಾಲಿನಿಂದ ಹಲ್ಲಿಗೆ ಒದ್ದು ಮಣ್ಣು ಬಿಡಿಸುತ್ತಾರೆ, ಎಲ್ಲ ಕಲಿತೆ. ಆಮೇಲೆ ಹೊಸ ಕೂರಿಗಿ ಮಾಡಿದೆವು. ಉರುಳೆ ಇತ್ತು, ಮುಚ್ಚಳ ಇರಲಿಲ್ಲ. ಉರುಳೆಯ ಕೆಳಗೆ ತೆರೆದ ಬಟ್ಟಲು, ಬಿತ್ತುವವಳು ನಡೆಯುತ್ತಲೇ ಬೆರಳು ಇಟ್ಟು ನೋಡುವಷ್ಟು ಎತ್ತರದಲ್ಲಿ. ಅದು ಚೆನ್ನಾಗಿ ನಡೆಯಿತು. ಮುಂದಿನ ಹಿಂಗಾರಿಗೆ ಸುತ್ತಲಿನ ಊರುಗಳು ಕೇಳಿ ಕೇಳಿ ಒಯ್ದವು. ಆ ಬಿತ್ತುವಾಕೆಯ ಊರಿನವರೂ ಎರಡು ಕೊಂಡರು.

ಬಿತ್ತಿಗೆಯ ಮೊದಲು ನಾನು ಅಲ್ಲಿಗೆ ಒಬ್ಬನೇ ಹೋದೆ. ಹೊಸ ಕೂರಿಗಿಯನ್ನು ಮೊದಲು ಆಕೆಗೇ ತೋರಿಸಬೇಕೆಂಬ ಆಸೆ. ಅದರಿಂದ ನನ್ನ ಪಾಪ ಒಂದಿಷ್ಟು ತೊಳೆದೀತು ಎಂಬ ಲೆಕ್ಕವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆಕೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎದ್ದು ಬಂದು, ಕೂರಿಗಿಯ ಒಂದು ಹಲ್ಲಿಗೆ ತಾನೇ ಹಸಿ ಮಣ್ಣು ಮೆತ್ತಿ, ನನಗೆ ಚಕ್ರ ತಿರುಗಿಸಲು ಹೇಳಿ, ಬಟ್ಟಲಿಗೆ ಬೆರಳಿಟ್ಟಳು. ನಾಲ್ಕು ಸುತ್ತಿಗೇ ಕಾಳು ಬೆರಳಿಗೆ ಬಂದು ನಿಂತಿತು.

"ಹಾಂ, ತಿಳೀತು. ಈಗ ಛಲೋ ಆಗೈತಿ ತಮ್ಮಾ."

"ಹಂಗಾರ ಈ ಸಲ ಮೊದಲನೇ ಮುಷ್ಟಿ ನೀವ ಹಾಕಬೇಕ ಯಕ್ಕಾ" ಎಂದೆ.

ಆಕೆ ಕೈ ಝಾಡಿಸಿಕೊಂಡು ಮತ್ತೆ ಮೊರದ ಮುಂದೆ ಕೂತಳು. "ನಾ ಮುಟ್ಟೀನಿ ಅಂದ್ರ ನಿನ್ನ ಮಷಿನ್ ಒಬ್ಬರೂ ಹೊಲಕ್ಕ ಒಯ್ಯಂಗಿಲ್ಲ. ನನ್ನ ಯಾರೂ ಕರೀದ ಒಂದ ವರ್ಷ ಆತು. ಮುಂಗಾರಿಗೂ ಕರೀಲಿಲ್ಲ. ಮೊನ್ನೆ ನಮ್ಮ ಮಗಾನ ತನ್ನ ಹೊಲಕ್ಕ ಬ್ಯಾರೆದಾಕಿನ್ನ ಹೇಳಿ ಬಂದಾನ."

ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ವರ್ಷ ಹೊತ್ತದ್ದನ್ನೆಲ್ಲ ಹೇಳಿಬಿಟ್ಟೆ. ಹಿಂದೆ ನಡೆಯದ್ದು, ಮಲಗಿದ್ದು, ಉಳಿದ ಬೀಜ, ಮನೆಯಲ್ಲಿ ತಿಂದ ರೊಟ್ಟಿ. ಹೇಳುತ್ತ ಅತ್ತುಬಿಟ್ಟೆ.

ಆಕೆ ಮೊರ ಕೇರುವುದನ್ನು ನಿಲ್ಲಿಸಲಿಲ್ಲ. "ಇದನ್ನ ನನಗ್ಯಾಕ ಹೇಳತಿ? ನಾನೂ ನಿನ್ನ ಬಾಜೂಕನ ಕುಂತಿದ್ನೆಲ್ಲ. ಹೊಳ್ಳಿ ಹೋಗೂಮುಂದ ನಿನ್ನ ಚೀಲಾನೂ ನೋಡೀನಿ. ಕಟ್ಟಿ ಮ್ಯಾಲಿನವ್ರಿಗೆ ಗೊತ್ತಿಲ್ಲ. ಅವ್ರಿಗೆ ಹೇಳು."

ಹೂಂ ಎಂದು ಎದ್ದೆ. ಹೇಳಿಯೇ ಬಿಡುತ್ತೇನೆ ಎಂದುಕೊಂಡೇ ಓಣಿ ದಾಟಿದೆ. ಕಟ್ಟೆಯ ಮೇಲೆ ಆರೇಳು ಜನ ಕೂತಿದ್ದರು, ಆ ಒಕ್ಕಲಿಗನೂ ಇದ್ದ. "ಬರ್ರಿ ಬರ್ರಿ, ಛಾ ಕುಡೀರಿ" ಎಂದು ಜಾಗ ಮಾಡಿಕೊಟ್ಟರು. ಹೊಸ ಕೂರಿಗಿಯನ್ನು ಬಾಯಿ ತುಂಬ ಹೊಗಳಿದರು. ಈ ಸಲ ಪಕ್ಕದ ಓಣಿಯ ಸೊಸೆಯಿಂದ ಮೊದಲ ಮುಷ್ಟಿ ಹಾಕಿಸುತ್ತೇವೆ, ಆಕೆಯ ಕೈ ಛಲೋ ಇದೆ ಎಂದರು. ನಾನು ಛಾ ಕುಡಿದೆ. ಮಳೆಯ ಮಾತು ಬಂತು, ಎತ್ತಿನ ಮಾತು ಬಂತು, ನಾನೂ ಅದಕ್ಕೆ ಹೂಂ ಎಂದೆ. ಅಷ್ಟರಲ್ಲಿ ವಿಜಾಪುರದ ಬಸ್ಸು ಬಂತು. ಎಲ್ಲರಿಗೂ ಕೈ ಮುಗಿದು ಹತ್ತಿಕೊಂಡೆ.